ಕಿಲ್ಟ್ ಹೊಲಿಸಲು ಟಾರ್ಟನ್ ಬಟ್ಟೆ ಆರಿಸುವ ಬಗೆ

ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮೊಣಕಾಲುದ್ದದ ನೆರಿಗೆಯ ಉಡುಪು ಕಿಲ್ಟ್. ಸ್ಕಾಟ್ಲೆಂಡಿನಲ್ಲಿ ಅಳತೆ ಕೊಟ್ಟು ಹೊಲಿಸುವ ಸಾಂಪ್ರದಾಯಿಕ ಕಿಲ್ಟ್‌ಗೆ ಸುಮಾರು 8 ಗಜ ಬಟ್ಟೆ ಹಿಡಿಯುತ್ತದೆ. ಮುಂಭಾಗದಲ್ಲಿ ಒಂದರ ಮೇಲೊಂದು ಕೂರುವ ಎರಡು ಸಪಾಟು ಪದರಗಳಿಗೆ ಹೋಗುವುದು ಅದರಲ್ಲಿ ಸಣ್ಣ ಪಾಲು. ಉಳಿದದ್ದೆಲ್ಲ ಹಿಂಭಾಗದ ನೆರಿಗೆಗಳಲ್ಲಿ ಸೇರಿಹೋಗುತ್ತದೆ. ಆದ್ದರಿಂದ ಟಾರ್ಟನ್, ಅಂದರೆ ಬಣ್ಣದ ಪಟ್ಟೆಗಳು ಅಡ್ಡಹಾಯ್ದು ಚೌಕಳಿಯಾದ ಉಣ್ಣೆಬಟ್ಟೆ, ಮೇಜಿನ ಮೇಲೆ ಹರಡಿಟ್ಟಾಗ ಎಷ್ಟೇ ಚೆಂದ ಕಂಡರೂ, ನೆರಿಗೆ ಹಿಡಿದ ಮೇಲೆ ಅದು ಹೇಗೆ ಕಾಣುತ್ತದೆ, ಹೇಗೆ ಇಳಿಬೀಳುತ್ತದೆ ಎಂಬುದನ್ನು ನೋಡಿಯೇ ಬಟ್ಟೆಯನ್ನು ನಿಶ್ಚಯಿಸಬೇಕು.

ಆಯ್ಕೆ ಸಾಮಾನ್ಯವಾಗಿ ಹೆಸರಿನಿಂದ ಆರಂಭವಾಗುತ್ತದೆ. ಸ್ಕಾಟಿಷ್ ಮನೆತನದ ಹೆಸರಿದ್ದರೆ ಅದಕ್ಕೆ ಸೇರಿದ ಟಾರ್ಟನ್‌ಗಳನ್ನು ಎಡಿನ್‌ಬರೋದಲ್ಲಿರುವ ಸ್ಕಾಟಿಷ್ ಟಾರ್ಟನ್ ನೋಂದಣಿ ಪುಸ್ತಕದಲ್ಲಿ ಹುಡುಕಬಹುದು. 2008ರ ಕಾಯ್ದೆಯ ಪ್ರಕಾರ ಸ್ಥಾಪನೆಯಾದ ಈ ನೋಂದಣಿ 2009ರಿಂದ ನಡೆಯುತ್ತಿದೆ. ಒಂದೇ ಹೆಸರಿಗೆ ಹಲವು ಮಾದರಿಗಳಿರುವುದುಂಟು. ಮ್ಯಾಕ್‌ಲಿಯಡ್ ಮನೆತನದವರ ಮುಂದೆ ಹಳದಿ ನೆಲದ ಮೇಲೆ ಕಪ್ಪು ಪಟ್ಟೆಗಳ ಲೂಯಿಸ್ ಮಾದರಿಯೂ ಇದೆ, ನೀಲಿ–ಹಸಿರಿನ ಹ್ಯಾರಿಸ್ ಮಾದರಿಯೂ ಇದೆ. ಇಂಥ ಹೆಸರಿಲ್ಲದವರು ಹಿಂಜರಿಯಬೇಕಾಗಿಲ್ಲ. ಗಂಡಸರು ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಹೈಲ್ಯಾಂಡ್ ಉಡುಗೆ ತೊಡುವುದನ್ನು ನಿಷೇಧಿಸಿದ್ದ 1746ರ ಕಾಯ್ದೆ 1782ರಲ್ಲಿ ರದ್ದಾಯಿತು. ಹೆಸರಿಗೂ ಮಾದರಿಗೂ ಇಂದು ಕಾಣುವ ಗಂಟು ಬಹುಪಾಲು ಬಿದ್ದದ್ದು ಅದರ ನಂತರ, ವಿಶೇಷವಾಗಿ ನಾಲ್ಕನೇ ಜಾರ್ಜ್ ದೊರೆ 1822ರಲ್ಲಿ ಎಡಿನ್‌ಬರೋಗೆ ಭೇಟಿ ಕೊಟ್ಟ ಕಾಲದಲ್ಲಿ. ಬ್ಲ್ಯಾಕ್ ವಾಚ್, ರಾಯಲ್ ಸ್ಟುವರ್ಟ್ ಮುಂತಾದವನ್ನೂ ಊರು–ಸೀಮೆಗಳ ಹೆಸರಿನ ಟಾರ್ಟನ್‌ಗಳನ್ನೂ ಯಾರು ಬೇಕಾದರೂ ಉಡುತ್ತಾರೆ. ಗ್ಲಾಸ್ಗೋದಲ್ಲಿ ನೆಲೆಸಿ, ಸ್ನೇಹಿತರ ಮದುವೆಗೆಂದು ಕಿಲ್ಟ್ ಹೊಲಿಸುವ ಕನ್ನಡಿಗರಿಗೂ ಅವು ಒಪ್ಪುತ್ತವೆ. ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್ ಟಾರ್ಟನ್ನನ್ನು ಮಾತ್ರ ಕೇಳಬಾರದು.

ಹೆಸರು ನಿಶ್ಚಯವಾದ ಮೇಲೆ ಬಣ್ಣದ ಛಾಯೆ. ಒಂದೇ ಟಾರ್ಟನ್ ‘ಮಾಡರ್ನ್’, ‘ಏನ್ಷಿಯಂಟ್’, ‘ವೆದರ್ಡ್’ ಎಂಬ ಬೇರೆ ಬೇರೆ ಛಾಯೆಗಳಲ್ಲಿ ಸಿಗುತ್ತದೆ. ಮೊದಲನೆಯದು ಗಾಢ, ಎರಡನೆಯದು ಹಳೆಯ ಸಸ್ಯಬಣ್ಣಗಳನ್ನು ನೆನಪಿಸುವಷ್ಟು ತಿಳಿ, ಮೂರನೆಯದು ಬಿಸಿಲು–ಮಳೆಗೆ ಮಾಸಿದಂಥದ್ದು. ಇವು ಛಾಯೆಯ ಹೆಸರುಗಳೇ ಹೊರತು ಮಾದರಿಯ ವಯಸ್ಸನ್ನು ಸೂಚಿಸುವುದಿಲ್ಲ. ಮಾಡರ್ನ್ ಛಾಯೆಯ ಬ್ಲ್ಯಾಕ್ ವಾಚ್ ಹತ್ತು ಹೆಜ್ಜೆ ದೂರದಿಂದ ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಏನ್ಷಿಯಂಟ್ ಛಾಯೆಯಲ್ಲಿ ನೀಲಿ, ಹಸಿರು ಬೇರೆಬೇರೆಯಾಗಿ ಎದ್ದು ಬರುತ್ತವೆ. ಅಂಗಡಿಯ ದೀಪದ ಬೆಳಕನ್ನು ನಂಬದೆ ಮಾದರಿ ತುಂಡನ್ನು ಹಗಲು ಬೆಳಕಿಗೆ ತಂದು ನೋಡಬೇಕು.

ತೂಕದ ವಿಷಯದಲ್ಲಿ ಜಿಪುಣತನ ಸಲ್ಲದು. ಗಜದ ತೂಕವನ್ನು ಔನ್ಸ್‌ನಲ್ಲಿ ಹೇಳುವುದು ಅಲ್ಲಿಯ ರೂಢಿ: 10–11 ಔನ್ಸ್ ಹಗುರ, 13 ಮಧ್ಯಮ, 16 ಭಾರ. ಹಗುರ ಬಟ್ಟೆ ಗಾಳಿಗೆ ಹಾರುತ್ತದೆ, ನೆರಿಗೆಯ ಗೆರೆ ಬೇಗ ಸಡಿಲಾಗುತ್ತದೆ. ನುಣುಪು ಉಣ್ಣೆನೂಲಿನ 16 ಔನ್ಸ್ ಬಟ್ಟೆಯಾದರೆ ತನ್ನ ಭಾರಕ್ಕೆ ತಾನೇ ನೇರವಾಗಿ ಇಳಿದು, ಕುಳಿತೆದ್ದರೂ ನೆರಿಗೆ ಬಿಡುವುದಿಲ್ಲ. ಹಲವು ವರ್ಷ ಉಡುವ ಕಿಲ್ಟ್ ಆಗಿದ್ದರೆ 16 ಔನ್ಸ್ ಬಟ್ಟೆಯನ್ನೇ ಕೇಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಸೆಕೆಯ ಊರಿನವರಿಗೆ 13 ಸಾಕು.

ಇನ್ನು ಅತ್ಯಂತ ಮುಖ್ಯವಾದ ಭಾಗ. ಟಾರ್ಟನ್ನಿನಲ್ಲಿ ಹಾಸಿಗೂ ಹೊಕ್ಕಿಗೂ ಒಂದೇ ಬಣ್ಣದ ಕ್ರಮವಿರುತ್ತದೆ. ಬಣ್ಣಗಳ ಸಾಲು ಸಾಮಾನ್ಯವಾಗಿ ಒಂದು ಬಿಂದುವಿನವರೆಗೆ ಸಾಗಿ, ಕನ್ನಡಿಯಲ್ಲಿ ಕಂಡಂತೆ ಅದೇ ದಾರಿಯಲ್ಲಿ ಮರಳುತ್ತದೆ. ಹೋಗಿ ಬರುವ ಈ ಒಂದು ಪೂರ್ಣ ಸುತ್ತನ್ನು ‘ಸೆಟ್’ ಎನ್ನುತ್ತಾರೆ. ಅದೇ ಹೆಸರಿನ ಟಾರ್ಟನ್ನಿನಲ್ಲೂ ಗಿರಣಿಯಿಂದ ಗಿರಣಿಗೆ ಸೆಟ್ಟಿನ ಅಳತೆ ಬದಲಾಗುತ್ತದೆಯಾದ್ದರಿಂದ ಕೊಳ್ಳುವ ಬಟ್ಟೆಯ ಮೇಲೆಯೇ ಟೇಪು ಹಿಡಿದು ಅಳೆಯಬೇಕು. ನೆರಿಗೆ ಹಿಡಿಯಲು ಮುಖ್ಯವಾಗಿ ಎರಡು ಕ್ರಮಗಳಿವೆ. ಸೆಟ್ಟಿಗೆ ಹೊಂದಿಸಿದರೆ ಪ್ರತಿ ನೆರಿಗೆಯಲ್ಲೂ ಮಾದರಿಯ ಮುಂದಿನ ಚೂರು ಕಾಣಿಸಿ, ಮುಂಭಾಗದ ಚೌಕಳಿ ಹಿಂಭಾಗದಲ್ಲೂ ಹಾಗೆಯೇ ಮುಂದುವರಿದಂತೆ ತೋರುತ್ತದೆ. ಪಟ್ಟೆಗೆ ಹೊಂದಿಸಿದರೆ ಪ್ರತಿ ನೆರಿಗೆಯ ನಡುವೆ ಆರಿಸಿಕೊಂಡ ಒಂದೇ ಗೆರೆ ನಿಲ್ಲುತ್ತದೆ. ಇದು ಸೇನಾದಳಗಳ ಪದ್ಧತಿ. ಲೂಯಿಸ್ ಮಾದರಿಯಲ್ಲಿ ಕಪ್ಪು ಪಟ್ಟೆಯನ್ನು ಹೀಗೆ ನಡುವಿಗಿಟ್ಟರೆ ನಿಂತಾಗ ಹಿಂಭಾಗ ಗಂಭೀರವಾಗಿ ಕಂಡು, ನಡೆಯುವಾಗ ನೆರಿಗೆಗಳು ಬಿಚ್ಚಿಕೊಂಡಂತೆಲ್ಲ ಒಳಗಿನ ಹಳದಿ ಮಿಂಚುತ್ತದೆ.

ಇದನ್ನು ಊಹಿಸುತ್ತ ಕೂರುವ ಬದಲು ಮಾಡಿಯೇ ನೋಡಬಹುದು. ಒಂದು ಗಜ ಉದ್ದದ ತುಂಡು ಪಡೆದು, ಪ್ರತಿ ನೆರಿಗೆಯಲ್ಲೂ ಒಂದು ಅಂಗುಲ ಹೊರಗೆ ಕಾಣುವಂತೆ ಮಡಿಸಿ ಗುಂಡುಸೂಜಿ ಚುಚ್ಚಬೇಕು. 6 ಅಂಗುಲದ ಸೆಟ್ ಆಗಿದ್ದರೆ, ಸೆಟ್ಟಿಗೆ ಹೊಂದಿಸುವಾಗ ನೆರಿಗೆಯೊಂದಕ್ಕೆ ಸುಮಾರು 7 ಅಂಗುಲ ಬಟ್ಟೆ ಹೋಗುತ್ತದೆ. ಐದು ನೆರಿಗೆ ಬರುವಷ್ಟರಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಸೆಟ್ ತೀರ ದೊಡ್ಡದಾದರೆ ನೆರಿಗೆಗಳು ಆಳವಾಗಿ ಅವುಗಳ ಸಂಖ್ಯೆ ಕಡಿಮೆಯಾಗುತ್ತದೆ.

ಕೊನೆಗೆ ಅಂಚು ಮತ್ತು ಪನ್ನ. ಕಿಲ್ಟಿನ ಕೆಳಗಿನ ಅಂಚನ್ನು ಮಡಿಸಿ ಹೊಲಿಯುವುದಿಲ್ಲ, ಏಕೆಂದರೆ ಅಷ್ಟು ನೆರಿಗೆಗಳ ತುದಿಯಲ್ಲಿ ಮಡಿಕೆ ಸೇರಿದರೆ ಅವು ದಪ್ಪಗಾಗಿ ಹರಡಿಕೊಳ್ಳುತ್ತವೆ. ಅದಕ್ಕಾಗಿಯೇ ಮಗ್ಗದಲ್ಲೇ ಸ್ವಚ್ಛವಾಗಿ ಮುಗಿದ ಕಿಲ್ಟ್ ಅಂಚಿನ ಬಟ್ಟೆ ಬೇಕೆಂದು ಕೇಳಬೇಕು. 54ರಿಂದ 60 ಅಂಗುಲದ ದೊಡ್ಡ ಪನ್ನದ ಬಟ್ಟೆಯನ್ನು 4 ಗಜ ಕೊಂಡು, ಉದ್ದಕ್ಕೆ ಸೀಳಿ, ಎರಡು ಪಟ್ಟಿಗಳನ್ನು ನೆರಿಗೆಯೊಳಗೆ ಕೂಡಿಸುತ್ತಾರೆ. ಹಾಗೆ ಮಾಡುವಾಗ ಎರಡೂ ಅಂಚುಗಳು ಕೆಳಗೆ ಬರಬೇಕಾದ್ದರಿಂದ ಒಂದು ಪಟ್ಟಿಯನ್ನು ತಲೆಕೆಳಗು ತಿರುಗಿಸಬೇಕಾಗುತ್ತದೆ. ಹೋದ ದಾರಿಯಲ್ಲೇ ಮರಳುವ ಮಾದರಿಗೆ ಇದರಿಂದ ಬಾಧೆಯಿಲ್ಲ. ಬ್ಯೂಕ್ಯಾನನ್ ಟಾರ್ಟನ್ನಿನಂತೆ ಬಣ್ಣಗಳು ಹಾಗೆ ಮರಳದಿದ್ದರೆ ತಿರುಗಿಸಿದ ಪಟ್ಟಿಯಲ್ಲಿ ಕ್ರಮವೇ ಹಿಂದುಮುಂದಾಗುತ್ತದೆ. ಅಂಥದಕ್ಕೆ ಸಣ್ಣ ಪನ್ನದ 8 ಗಜವನ್ನೇ ಕೊಳ್ಳಬೇಕು.

ಬಟ್ಟೆಯಷ್ಟೂ ಒಂದೇ ಥಾನಿನದಾಗಿರಲಿ. ಬಣ್ಣದ ಹದ ಒಂದು ಬಾರಿಯಿಂದ ಇನ್ನೊಂದು ಬಾರಿಗೆ ತುಸು ವ್ಯತ್ಯಾಸವಾಗುತ್ತದೆ. ಸೆಟ್ಟಿಗೋ ಪಟ್ಟೆಗೋ, ಪಟ್ಟೆಯಾದರೆ ಯಾವ ಗೆರೆ ಎಂಬುದನ್ನು ಆರ್ಡರ್ ಕೊಡುವಾಗಲೇ ಹೊಲಿಯುವವರಿಗೆ ಬರೆದು ಕೊಡಬೇಕು. ನೆರಿಗೆ ಹೊಲಿದಾದ ಮೇಲೆ, ಸೊಂಟದ ಬಳಿ ದಪ್ಪಗಾಗದಿರಲೆಂದು ಒಳಗಿನ ಹೆಚ್ಚುವರಿ ಬಟ್ಟೆಯನ್ನು ಅವರು ಕತ್ತರಿಸಿ ತೆಗೆಯುತ್ತಾರೆ. ಆನಂತರ ಗೆರೆ ಬದಲಿಸುವುದು ಸಾಧ್ಯವಾಗುವುದಿಲ್ಲ.