ಆಟಿಸಂ ಇರುವ ಮಗುವಿಗೆ ಫಿಟ್ಸ್ ಔಷಧಿ ಕುಡಿಸುವ ಕ್ರಮ

ಆಟಿಸಂ ಇರುವ ಮಕ್ಕಳಲ್ಲಿ ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ ಮಕ್ಕಳ ನರರೋಗ ತಜ್ಞರನ್ನು ಕಂಡು, ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಪರೀಕ್ಷೆ ಮಾಡಿಸಿ, ಔಷಧಿ ಬರೆಸಿಕೊಂಡು ಬರುವವರೆಗಿನ ಕೆಲಸವನ್ನು ನಮ್ಮ ಕಡೆಯ ತಂದೆತಾಯಿಯರು ಶ್ರದ್ಧೆಯಿಂದ ಮಾಡುತ್ತಾರೆ. ಎಡವುವುದು ಮನೆಯಲ್ಲಿ, ದಿನವೂ ಅದನ್ನು ಕುಡಿಸುವಾಗ.

ಮೊದಲು ಅಳತೆ. ಅಡುಗೆಮನೆಯ ಚಮಚ ಖಂಡಿತ ಬೇಡ. ಫಿಟ್ಸ್ ತಡೆಯಲು ಕೊಡುವ ಲೆವೆಟಿರಾಸಿಟಂ ಸಿರಪ್ಪಿನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧಿ ಇರುವುದರಿಂದ, ಅರ್ಧ ಮಿಲಿಲೀಟರ್ ಹೆಚ್ಚುಕಡಿಮೆಯಾದರೂ 50 ಮಿಲಿಗ್ರಾಂ ವ್ಯತ್ಯಾಸವಾಗುತ್ತದೆ. ಕೆಲವು ಬಾಟಲಿಗಳ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದ ಗೆರೆಗಳು ಸರಿಯಾಗಿ ಕಾಣುವುದೇ ಇಲ್ಲ. ಸೂಜಿಯಿಲ್ಲದ ಸಿರಿಂಜನ್ನೇ ಬಳಸಿ.

ಇನ್ನು ಕುಡಿಸುವುದು. ಲೋಟದ ತುಂಬಾ ಹಾಲಿಗೋ ಬಟ್ಟಲು ಗಂಜಿಗೋ ಬೆರೆಸಬೇಡಿ. ಮಗು ಅರ್ಧ ಬಿಟ್ಟರೆ ಎಷ್ಟು ಔಷಧಿ ಒಳಗೆ ಹೋಯಿತೆಂದು ಯಾರಿಗೂ ತಿಳಿಯದು, ರುಚಿ ಕೆಟ್ಟಿತೆಂದು ಗಂಜಿಯನ್ನೇ ಬಿಟ್ಟುಬಿಡುವ ಅಪಾಯವೂ ಇದೆ. ಔಷಧಿಗೆ ಮೊದಲೇ, ಸ್ನಾನದ ಹೊತ್ತಿನಲ್ಲಿ ಬರೀ ನೀರು ತುಂಬಿದ ಸಿರಿಂಜನ್ನು ಮಗುವಿನ ಕೈಗೆ ಕೊಟ್ಟು ಪರಿಚಯ ಮಾಡಿಸಿ. ಔಷಧಿ, ನೀರು, ಆಟ ಎಂಬ ಮೂರು ಚಿತ್ರಗಳನ್ನು ಅದೇ ಕ್ರಮದಲ್ಲಿ ದಿನವೂ ತೋರಿಸಿ. ಮಗುವನ್ನು ನೆಟ್ಟಗೆ ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟು, ಅರ್ಧ ಮಿಲಿಲೀಟರಿನಷ್ಟು ಬಿಟ್ಟು, ನುಂಗಿದ್ದನ್ನು ನೋಡಿಕೊಂಡು ಮುಂದಿನದನ್ನು ಬಿಡಿ. ಮಲಗಿಸಿ, ಮೂಗು ಹಿಡಿದು ಸುರಿದರೆ ಔಷಧಿ ಶ್ವಾಸನಾಳಕ್ಕೆ ಹೋಗಬಹುದು. ವಾಂತಿಯಾದರೆ ಮತ್ತೆ ಕೊಡಬೇಕೇ, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ. ಫಿಟ್ಸ್ ತಡೆಯಲು ಕೊಡುವ ಇನ್ನೊಂದು ಔಷಧಿಯಾದ, ನಿಧಾನವಾಗಿ ಕರಗುವಂತೆ ಮಾಡಿದ ವಾಲ್‌ಪ್ರೋಯೇಟ್ ಮಾತ್ರೆಯನ್ನು ಪುಡಿ ಮಾಡಲೇಬಾರದು. ಅಂಗಡಿಯವರು ಬೇರೆ ಕಂಪೆನಿಯದನ್ನು ಕೊಟ್ಟರೆ ವೈದ್ಯರನ್ನು ಕೇಳದೆ ತರಬೇಡಿ. ರುಚಿ ಬದಲಾದರೂ ಸಾಕು, ಈ ಮಕ್ಕಳು ಬಾಯಿ ತೆರೆಯುವುದಿಲ್ಲ.

ಲೆವೆಟಿರಾಸಿಟಂ ಶುರುವಾದ ಮೇಲೆ ಸಿಟ್ಟು, ಕಚ್ಚುವುದು, ನಿದ್ದೆಗೇಡು ಹೆಚ್ಚಾದರೆ ಅದನ್ನು ಆಟಿಸಂ ಎಂದು ಬಿಟ್ಟುಬಿಡದೆ, ದಿನಾಂಕದೊಂದಿಗೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು. ನಿದ್ದೆ ಕೆಟ್ಟರೂ ಫಿಟ್ಸ್ ಬರಬಹುದು, ಆದುದರಿಂದ ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೋ ದೈವದ ನೇಮಕ್ಕೋ ಮಗುವನ್ನು ಕರೆದೊಯ್ಯದಿರುವುದೇ ಒಳ್ಳೆಯದು.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ನೀರು ಯಾವುದೂ ಬೇಡ. ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡಿ. ವೈದ್ಯರು ಫಿಟ್ಸ್ ನಿಲ್ಲಿಸುವ ಮಿಡಜೋಲಾಂ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ ಹಾಕಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.