ಬೀಜಿಂಗ್‌ನ ಮಾತುಕತೆ ಮೇಜಿನ ತುದಿಯಲ್ಲಿ ಕೂತು ಕಲಿತದ್ದು

ಭಾರತೀಯ ವಿದೇಶಾಂಗ ಸೇವೆಗೆ ಸೇರಿದವರು ಒಂದು ವಿದೇಶಿ ಭಾಷೆ ಕಲಿಯಲೇಬೇಕು. ನಾನು ಚೀನೀ ಭಾಷೆಯನ್ನು ಕೇಳಿ ಪಡೆದೆ. 1962ರ ಯುದ್ಧದ ನಂತರ ಬಹಳ ವರ್ಷ ಎರಡೂ ರಾಜಧಾನಿಗಳಲ್ಲಿ ರಾಯಭಾರಿಗಳೇ ಇರಲಿಲ್ಲ. 1976ರಲ್ಲಿ ಕೆ.ಆರ್. ನಾರಾಯಣನ್ ಅವರು ರಾಯಭಾರಿಯಾಗಿ ಬೀಜಿಂಗ್‌ಗೆ ಹೋದ ಮೇಲೆ ಸಂಬಂಧ ಮತ್ತೆ ಹಳಿಗೆ ಬರತೊಡಗಿತು. ಮಾಡಬೇಕಾದ ಕೆಲಸವೆಲ್ಲ ಇಲ್ಲೇ ಇದೆ ಅಂತ ನನಗೆ ಅನಿಸಿತ್ತು.

ಭಾಷೆ ಕಲಿತದ್ದು ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಹಳೆಯ ಲಿಪಿ, ಬೀಜಿಂಗ್‌ನಲ್ಲಿ ಸರಳ ಮಾಡಿದ ಲಿಪಿ. ಹೀಗಾಗಿ ರಾಯಭಾರ ಕಚೇರಿಗೆ ಬಂದ ಮೇಲೂ ಓದುವುದನ್ನು ಇನ್ನೊಮ್ಮೆ ರೂಢಿ ಮಾಡಿಕೊಳ್ಳಬೇಕಾಯಿತು. ದಿನದ ಮೊದಲ ಕೆಲಸ ಚೀನಾದ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿ ಓದುವುದು. ಮುಖಪುಟದಲ್ಲಿ ಯಾರ ಹೆಸರು ಯಾರ ನಂತರ ಬಂದಿದೆ, ಭಾರತದ ಸುದ್ದಿ ಎಷ್ಟನೇ ಪುಟಕ್ಕೆ ಸರಿದಿದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಿದ್ದೆ. ಒಂದು ದಿನದ ಪತ್ರಿಕೆಯಿಂದ ಏನೂ ತಿಳಿಯುವುದಿಲ್ಲ. ತಿಂಗಳುಗಟ್ಟಲೆ ಓದಿದರೆ ಮಾತ್ರ ಬದಲಾವಣೆ ಕಣ್ಣಿಗೆ ಬೀಳುತ್ತದೆ.

1988ರ ಡಿಸೆಂಬರ್‌ನಲ್ಲಿ ರಾಜೀವ್ ಗಾಂಧಿ ಚೀನಾಕ್ಕೆ ಬಂದರು. 1954ರಲ್ಲಿ ನೆಹರೂ ಬಂದು ಹೋದ ಮೇಲೆ ಭಾರತದ ಪ್ರಧಾನಿಯೊಬ್ಬರು ಅಲ್ಲಿಗೆ ಬಂದದ್ದು ಅದೇ ಮೊದಲು. ಚೀನಾದ ನಾಯಕ ಡೆಂಗ್ ಕ್ಸಿಯಾವೊಪಿಂಗ್ ಅವರ ಕೈ ಕುಲುಕಿದ ಫೋಟೊ ಎಲ್ಲರಿಗೂ ನೆನಪಿದೆ. ನನ್ನ ಮಟ್ಟಿಗೆ ಆ ಭೇಟಿಯ ದೊಡ್ಡ ಫಲ ಗಡಿ ಪ್ರಶ್ನೆಗಾಗಿ ರಚನೆಯಾದ ಜಂಟಿ ಕಾರ್ಯತಂಡ. ನಮ್ಮ ಕಡೆ ವಿದೇಶಾಂಗ ಕಾರ್ಯದರ್ಶಿ, ಅವರ ಕಡೆ ಉಪ ವಿದೇಶಾಂಗ ಮಂತ್ರಿ ಕೂರುತ್ತಿದ್ದರು. ಮೇಜಿನ ತುದಿಯಲ್ಲಿ ನೋಟ್‌ಬುಕ್ ಹಿಡಿದು ಕೂರುವ ಕಿರಿಯ ಅಧಿಕಾರಿ ನಾನು.

ಮಾತುಕತೆಯನ್ನು ಬರೆದುಕೊಳ್ಳುವ ಈ ಕೆಲಸವನ್ನು ನಾನು ಬಹಳ ಗೌರವಿಸುತ್ತೇನೆ. ಅವರು ನಾಲ್ಕಾರು ವಾಕ್ಯ ಹೇಳುತ್ತಾರೆ, ಆಮೇಲೆ ದುಭಾಷಿ ಇಂಗ್ಲಿಷಿಗೆ ತಿರುಗಿಸುತ್ತಾರೆ. ಭಾಷೆ ಬಂದವನಿಗೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ಮೊದಲ ಸಲ ಬರೆದುಕೊಳ್ಳುತ್ತಿದ್ದೆ, ಎರಡನೇ ಸಲ ತಲೆ ಎತ್ತಿ ನೋಡುತ್ತಿದ್ದೆ. ಯಾವ ಮಾತನ್ನು ಕಾಗದ ನೋಡಿ ಓದಿದರು, ಯಾವುದನ್ನು ನೇರವಾಗಿ ಹೇಳಿದರು ಅನ್ನೋದು ಮುಖ್ಯ. ಪ್ರತಿ ಸಲ ಹೇಳುವ ನಿಲುವಿನಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೆ ಅದು ಸುಮ್ನೆ ಬಿಟ್ಟದ್ದಲ್ಲ. ಅದು ಗೊತ್ತಾಗಬೇಕಾದರೆ ಹಿಂದಿನ ಸುತ್ತುಗಳ ದಾಖಲೆ ಮೊದಲೇ ಓದಿರಬೇಕು. ನಾನು ಹಳೆಯ ಫೈಲುಗಳ ಜೊತೆ ಕಳೆದ ಸಮಯ ಔತಣಕೂಟಗಳಲ್ಲಿ ಕಳೆದದ್ದಕ್ಕಿಂತ ಎಷ್ಟೋ ಜಾಸ್ತಿ.

ಅದೇ ರಾತ್ರಿ ಕೂತು ಬರೆದು ಮುಗಿಸಬೇಕು. ಬೆಳಗಾದರೆ ಅವರು ಹೇಳಿದ್ದು, ನಮಗೆ ಅನಿಸಿದ್ದು ಎರಡೂ ಬೆರೆತುಹೋಗುತ್ತವೆ. ಸಾರಾಂಶ ಸೈಫರ್ (ಗುಪ್ತಲಿಪಿ) ಸಂದೇಶವಾಗಿ ದೆಹಲಿಗೆ, ಪೂರ್ತಿ ದಾಖಲೆ ಆಮೇಲೆ. ನನ್ನ ಅಭಿಪ್ರಾಯವನ್ನು ಕೊನೆಯಲ್ಲಿ ಬೇರೆ ಪ್ಯಾರಾದಲ್ಲೇ ಬರೆಯುತ್ತಿದ್ದೆ. ದೆಹಲಿಯಲ್ಲಿ ಯಾರಿಗೆ ಯಾವ ಮಾತು ಇಷ್ಟವಾಗುತ್ತದೆ ಎಂದು ನೋಡಿ ದಾಖಲೆಯನ್ನು ಹದಗೊಳಿಸಬಾರದು, ಅಲ್ವಾ? ಹಾಗೆ ಮಾಡಿದರೆ ಮುಂದಿನ ಸುತ್ತಿಗೆ ಹೋಗುವವರು ತಪ್ಪು ನೆಲದ ಮೇಲೆ ನಿಲ್ಲುತ್ತಾರೆ.

ಆ ಸುತ್ತುಗಳ ಫಲ 1993ರ ಸೆಪ್ಟೆಂಬರ್ 7ರಂದು ಕಾಣಿಸಿತು. ಪ್ರಧಾನಿ ನರಸಿಂಹರಾವ್ ಬೀಜಿಂಗ್‌ಗೆ ಬಂದಿದ್ದಾಗ, ವಾಸ್ತವ ನಿಯಂತ್ರಣ ರೇಖೆಯ, ಅಂದರೆ ಗಡಿ ತೀರ್ಮಾನವಾಗದ ಕಡೆ ಎರಡೂ ದೇಶಗಳ ಹಿಡಿತದ ಪ್ರದೇಶಗಳನ್ನು ಬೇರ್ಪಡಿಸುವ ರೇಖೆಯ, ಉದ್ದಕ್ಕೂ ಶಾಂತಿ ಕಾಪಾಡುವ ಒಪ್ಪಂದಕ್ಕೆ ಸಹಿ ಬಿತ್ತು. ಈ ರೇಖೆಯ ಹೆಸರು ಎತ್ತಿದ ಮಾತ್ರಕ್ಕೆ ಗಡಿಯ ಬಗ್ಗೆ ಎರಡೂ ದೇಶಗಳ ನಿಲುವಿಗೆ ಧಕ್ಕೆಯಿಲ್ಲ ಎಂದು ಅದರಲ್ಲೇ ಬರೆದಿದೆ. ಆ ಒಂದು ಸಾಲು ಇಲ್ಲದಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಜಗಳ ಬಗೆಹರಿಯದಿದ್ದರೂ ಸೈನಿಕರು ಸಾಯದಂತೆ ನೋಡಿಕೊಳ್ಳಲು ಅದು ದಾರಿ ಮಾಡಿತು. 1996ರ ಒಪ್ಪಂದ ಅದಕ್ಕೆ ಇನ್ನಷ್ಟು ನಿಯಮ ಸೇರಿಸಿತು.

ಮುಂದೆ ಕೆಲವು ವರ್ಷ ಆಗ್ನೇಯ ಏಷ್ಯಾದ ಕೆಲಸ ನೋಡಿಕೊಂಡೆ. ಆ ಭಾಗದ ದೇಶಗಳ ಒಕ್ಕೂಟವಾದ ಆಸಿಯಾನ್ ಜೊತೆ ನಾವು 1992ರಲ್ಲಿ ಕೆಲವೇ ಕ್ಷೇತ್ರಗಳ ಪಾಲುದಾರರಾಗಿ ಶುರು ಮಾಡಿದ್ದೆವು, 2002ರ ಹೊತ್ತಿಗೆ ಶೃಂಗಸಭೆಯ ಮಟ್ಟಕ್ಕೆ ಬಂದೆವು. ಅಲ್ಲಿ ಎಲ್ಲರೂ ಒಪ್ಪುವ ತನಕ ಯಾರೂ ಹೆಜ್ಜೆ ಎತ್ತುವುದಿಲ್ಲ. ತಾಳ್ಮೆ ಬೇಕು, ಆದರೆ ಒಪ್ಪಿದ ಮೇಲೆ ಕೆಲಸ ನಡೆಯುತ್ತದೆ.

ನನ್ನ ಮನಸ್ಸು ಮಾತ್ರ ಗಡಿಯ ನಕ್ಷೆಗಳಲ್ಲೇ ಉಳಿದಿದೆ. ರೇಖೆ ಎಲ್ಲಿ ಹಾದುಹೋಗುತ್ತದೆ ಎಂದು ತಿಳಿಯಲು ಎರಡೂ ಕಡೆಯವರು ನಕ್ಷೆ ಕೊಟ್ಟು ತೆಗೆದುಕೊಳ್ಳಬೇಕಿತ್ತು. 2000ರಲ್ಲಿ ಮಧ್ಯ ವಲಯದ (ಹಿಮಾಚಲ, ಉತ್ತರಾಖಂಡದ ಕಡೆಯ) ನಕ್ಷೆಗಳು ಕೈ ಬದಲಾದವು. 2002ರಲ್ಲಿ ಪಶ್ಚಿಮ ವಲಯದ (ಲಡಾಖ್ ಕಡೆಯ) ಸರದಿ ಬಂದಾಗ ಕೆಲಸ ನಿಂತುಹೋಯಿತು. 2020ರ ಜೂನ್‌ನಲ್ಲಿ ಅದೇ ವಲಯದ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ನಕ್ಷೆ ಇದ್ದಿದ್ದರೆ ಅದು ಖಂಡಿತ ತಪ್ಪುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ರೇಖೆ ಎಲ್ಲಿದೆ ಎನ್ನುವುದರಲ್ಲೇ ಎರಡು ಅಭಿಪ್ರಾಯ ಇರುವ ಕಡೆ ಗಸ್ತು ಪಡೆಗಳು ಎದುರುಬದುರಾಗುವುದು ತಪ್ಪುವುದಿಲ್ಲ. ಈಗ ಈ ವಿಭಾಗಕ್ಕೆ ಬರುವ ಯುವ ಅಧಿಕಾರಿಗಳು ಸಿಕ್ಕಾಗ ನಾನು ಕೇಳಿಕೊಳ್ಳುವುದು ಒಂದೇ: 2002ರಲ್ಲಿ ನಿಂತ ಆ ಕೆಲಸದ ಫೈಲು ತೆಗೆದು ಪೂರ್ತಿ ಓದಿ, ಅದನ್ನು ಮತ್ತೆ ಮೇಜಿಗೆ ತನ್ನಿ.