ಮೊದಲ ಸಲ ಹಳ್ಳಿ ಮೊಹರಂಗೆ ಹೊರಟಿದ್ದೀರಾ? ಇಷ್ಟು ಗೊತ್ತಿರಲಿ

ರಾಯಚೂರು, ಕೊಪ್ಪಳ, ಗದಗ ಕಡೆಯ ಗೆಳೆಯರು ‘ಅಲಾಯಿ ಹಬ್ಬಕ್ಕೆ ಬಾ’ (ಮೊಹರಂಗೆ ಅಲ್ಲಿ ಹೀಗೂ ಅನ್ನುತ್ತಾರೆ) ಅಂದರೆ ಮೊದಲು ದಿನ ಕೇಳಿಕೊಳ್ಳಿ. ಮುಸ್ಲಿಮರ ಹಿಜರಿ ಪಂಚಾಂಗದ ಲೆಕ್ಕ ಚಂದ್ರನದ್ದು, ಹಾಗಾಗಿ ಹಬ್ಬ ವರ್ಷಕ್ಕೆ 10-11 ದಿನ ಮುಂಚೆ ಬರುತ್ತಾ ಹೋಗುತ್ತದೆ. ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಹಾಕುತ್ತಾರೆ, ಅಂದರೆ ಬೆಂಕಿ ಹಾಕುವ ಅಲಾಯಿ ಕುಣಿ ತೋಡುವ ಕೆಲಸ ಶುರು. ರಜೆ ಕಡಿಮೆ ಇದ್ದರೆ ಕತ್ತಲ ರಾತ್ರಿಗೆ, ಅಂದರೆ ಕೊನೆಯ ದಿನದ ಹಿಂದಿನ ರಾತ್ರಿಗೆ ತಲುಪಿ, ಮರುದಿನ ದೇವರು (ಕೈ ಆಕಾರದ ಲೋಹದ ಪಂಜಾ) ಹೊಳೆಗೆ ಹೋಗುವವರೆಗೆ ಇರಿ. ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಹೋಗುವುದಾದರೆ ಜನ ವಿಪರೀತ ಜಾಸ್ತಿ, ಉಳಿಯುವ ಜಾಗ ಮೊದಲೇ ನೋಡಿಕೊಳ್ಳಿ.

‘ಇದು ಹಿಂದೂಗಳದ್ದಾ, ಮುಸ್ಲಿಮರದ್ದಾ?’ ಅಂತ ಅಲ್ಲಿ ಹೋಗಿ ಕೇಳಬೇಡಿ. ಯಾವ ಕೆಲಸ ಯಾರ ಮನೆಯದ್ದು ಅಂತ ಕೇಳಿ, ಆಗ ಜನ ಬಾಯಿ ಬಿಡುತ್ತಾರೆ. ಪಂಜಾ ಹಿಡಿಯುವವರು, ಕುಣಿಗೆ ಕಟ್ಟಿಗೆ ಕೊಡುವವರು, ಹಲಗಿ ಬಾರಿಸುವವರು, ಓದಿಕೆ (ಫಾತಿಹಾ ಪ್ರಾರ್ಥನೆ) ಮಾಡುವ ಮುಲ್ಲಾ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲ. ಆದರೂ ಹಬ್ಬ ನಿಂತಿಲ್ಲ, ಓದಲು ಹತ್ತಿರದ ಊರಿಂದ ಮೌಲ್ವಿಯನ್ನು ಕರೆಸುತ್ತಾರೆ.

ಹುಸೇನಪ್ಪ, ಫಕೀರಪ್ಪ, ಮೌಲಪ್ಪ ಅನ್ನುವವರು ಸಿಕ್ಕರೆ ‘ನೀವು ಯಾವ ಧರ್ಮ’ ಅಂತ ತಲೆ ಕೆರೆದುಕೊಳ್ಳಬೇಡಿ. ಹರಕೆ ಹೊತ್ತು ಹುಟ್ಟಿದ ಮಗನಿಗೆ ಇಟ್ಟ ಹೆಸರು ಅದು. ಮನೆಯಲ್ಲಿ ವೀರಭದ್ರನೋ ಎಲ್ಲಮ್ಮನೋ ಇರಬಹುದು.

ಓದಿಸುವುದು ಹೇಗೆ ಅಂದರೆ, ಸಕ್ಕರೆ, ಊದು, ಬೇಕಿದ್ದರೆ ಒಂದು ಕಾಯಿ ತಗೊಳ್ಳಿ. ಚಪ್ಪಲಿ ದೂರ ಬಿಟ್ಟು, ದೇವರನ್ನು ನೋಡಿಕೊಳ್ಳುವ ಮುಜಾವರ ಕೈಗೆ ಅವನ್ನು ಕೊಡಿ. ಅವರು ಕೆಂಡದ ಮೇಲೆ ಊದು ಹಾಕಿ, ಓದಿ, ಸಕ್ಕರೆಯಲ್ಲಿ ಒಂದು ಪಾಲು ತೆಗೆದುಕೊಂಡು ಉಳಿದದ್ದನ್ನು ನಿಮಗೇ ಕೊಡುತ್ತಾರೆ. ಅದನ್ನು ಪೊಟ್ಟಣ ಕಟ್ಟಿ ಬ್ಯಾಗಿಗೆ ಹಾಕಬೇಡಿ, ಪಕ್ಕ ನಿಂತವರಿಗೂ ಒಂದಿಷ್ಟು ಕೊಡಿ. ಯಾರಾದರೂ ಚೋಂಗೆ ಕೊಟ್ಟರೆ ಬೇಡ ಅನ್ನಬೇಡಿ. ಗೋಧಿ, ಬೆಲ್ಲದ್ದು, ಬಹಳ ರುಚಿ.

ಕುಣಿಯ ಹತ್ತಿರ ಹುಷಾರು. ಜನ ಉಪ್ಪು ಹಾಕುತ್ತಾ ನುಗ್ಗುತ್ತಾರೆ, ಮಕ್ಕಳನ್ನು ಹಿಂದೆ ಇಟ್ಟುಕೊಳ್ಳಿ, ಮತ್ತು ರೀಲ್ಸ್ ಹುಚ್ಚಿಗೆ ಕೆಂಡ ಹಾಯಲು ಹೋಗಲೇಬೇಡಿ. ಹೆಜ್ಜೆ ಹಾಕಿ ಕುಣಿಯುವ ಹೆಜ್ಜೆ ಮೇಳದವರ ನಡುವೆ ಫೋನ್ ಹಿಡಿದು ನಿಲ್ಲಬೇಡಿ. ಸುಮ್ನೆ ಪಕ್ಕಕ್ಕೆ ನಿಂತು ರಿವಾಯತ್ ಪದ, ಅಂದರೆ ಮೊಹರಂ ಹಾಡು ಕೇಳಿ. ಪೈಗಂಬರರ ಮೊಮ್ಮಗ ಇಮಾಂ ಹುಸೇನರು ಹತರಾದ ಕರ್ಬಲಾದ ಕಥೆಯನ್ನು ಅಪ್ಪಟ ಉತ್ತರ ಕರ್ನಾಟಕದ ಕನ್ನಡದಲ್ಲಿ ಕೇಳುವ ಅವಕಾಶ ದಿನಾ ಸಿಗಲ್ಲ.

ಹಾಗಂತ ‘ನೋಡಿ, ಇಲ್ಲಿ ಭೇದವೇ ಇಲ್ಲ’ ಅಂತ ಪೋಸ್ಟ್ ಹಾಕಲು ಅವಸರ ಮಾಡಬೇಡಿ. ಹಲಗಿ ಬಾರಿಸುವವರ ಕೇರಿ ಎಷ್ಟೋ ಕಡೆ ಇನ್ನೂ ಊರ ಅಂಚಿಗೇ ಇದೆ, ಕಣ್ಣಿಗೆ ಬೀಳುತ್ತದೆ ಅಲ್ವಾ? ಇನ್ನು ಮುಸ್ಲಿಮರಲ್ಲೇ ಪಂಜಾ ಕೂರಿಸುವುದು ತಪ್ಪು ಅನ್ನುವವರಿದ್ದಾರೆ. ಅಂಥ ಗೆಳೆಯ ಬರದಿದ್ದರೆ ಅವನ ನಂಬಿಕೆ ಅವನಿಗೆ, ‘ನಮ್ಮ ಹಿಂದೂಗಳೇ ಬರ್ತಾರೆ, ನಿನಗೇನು’ ಅಂತ ಚುಚ್ಚುವುದು ನನಗಂತೂ ಅಸಹ್ಯ.

ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಶಿಯಾಗಳೇ ಹೆಚ್ಚು. ಅವರಿಗೆ ಇದು ಶೋಕದ ದಿನ, 680ರಲ್ಲಿ ಇಮಾಂ ಹುಸೇನರು ಕರ್ಬಲಾದಲ್ಲಿ ಹತರಾದ ದಿನ. ಹಾಗಾಗಿ ಹಳ್ಳಿಯ ಹುಲಿ ವೇಷದ ವಿಡಿಯೊಗೆ ‘ಹಬ್ಬದ ಶುಭಾಶಯ’ ಅಂತ ಸೇರಿಸಿ ಎಲ್ಲ ಮುಸ್ಲಿಂ ಗೆಳೆಯರಿಗೂ ಒಟ್ಟಿಗೆ ಫಾರ್ವರ್ಡ್ ಮಾಡಬೇಡಿ.